ವಿಜ್ಞಾನಿಗಳೇ, ಪೈಪಿಗೆ ಅಡ್ಡ ನಿಲ್ಲಬೇಡಿ

ಬೆಂಗಳೂರಿನಲ್ಲಿ ಬಾಡಿಗೆ ಮನೆಗೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸಿ ಪಳಗಿದವರು ಜರ್ಮನಿಯ ವಿಶ್ವವಿದ್ಯಾಲಯಗಳ ಸಂಶೋಧನಾ ಕೆಲಸಕ್ಕೆ ಹೇಳಿ ಮಾಡಿಸಿದಂಥ ಜನ. ಅಲ್ಲೂ ವರ್ಷಕ್ಕೋ ಎರಡು ವರ್ಷಕ್ಕೋ ರಿನ್ಯೂವಲ್. ನಮ್ಮ ಓನರು ಸುಣ್ಣಬಣ್ಣದ ದುಡ್ಡು ಹಿಡಿದುಕೊಂಡಾದರೂ ಅಡ್ವಾನ್ಸ್ ವಾಪಸ್ ಕೊಡುತ್ತಾನೆ, ಅಷ್ಟೇ ವ್ಯತ್ಯಾಸ.

ಇದಕ್ಕೆಂದೇ 2007ರ ಕಾನೂನೊಂದಿದೆ. ಹೆಸರು ವಿಸ್ಸೆನ್‌ಶಾಫ್ಟ್ಸ್‌ಝೈಟ್‌ಫೆರ್ಟ್ರಾಗ್ಸ್‌ಗೆಜೆಟ್ಸ್. ಉಚ್ಚರಿಸಿ ಮುಗಿಸುವಷ್ಟರಲ್ಲಿ ಯಾರದೋ ಕಾಂಟ್ರಾಕ್ಟ್ ಮುಗಿದಿರುತ್ತದೆ. ಪಿಎಚ್.ಡಿ.ಗೆ ಮುಂಚೆ ಆರು ವರ್ಷ, ಆಮೇಲೆ ಆರು ವರ್ಷ ತಾತ್ಕಾಲಿಕವಾಗಿ ದುಡಿಸಿಕೊಳ್ಳಬಹುದು. ಅಷ್ಟರಲ್ಲಿ ಪ್ರೊಫೆಸರಾದರೆ ಸರಿ. ಇಲ್ಲವೋ, ನಲವತ್ತರ ಆಸುಪಾಸಿನಲ್ಲಿ ನಮಸ್ಕಾರ. ಇಲ್ಲವೇ ಯಾರದೋ ಪ್ರಾಜೆಕ್ಟ್ ಹಣದಲ್ಲಿ ಮತ್ತೆ ತಾತ್ಕಾಲಿಕ. ಮಕ್ಕಳಿದ್ದರೆ ತಲಾ ಎರಡು ವರ್ಷ ಗಡುವು ಹಿಗ್ಗುತ್ತದೆ. ನಮ್ಮ ಚಿಕ್ಕಮ್ಮನಿಗೆ ಬಹಳ ಹಿಡಿಸಿದ್ದು ಇದೇ. "ನೋಡೇ, ಅಲ್ಲಿ ಸರ್ಕಾರವೇ ಹೇಳ್ತಿದೆ, ಇನ್ನೊಂದು ಮಗು ಮಾಡ್ಕೋ ಅಂತ" ಎಂದು ಅಲ್ಲಿರುವ ಮಗಳಿಗೆ ವಿಡಿಯೊ ಕಾಲಿನಲ್ಲೇ ಉಪದೇಶ. ಹಿಗ್ಗುವುದು ಗಡುವು ಮಾತ್ರ, ಕೆಲಸವಲ್ಲ ಎಂದು ಆಕೆಗೆ ತಿಳಿಸಿ ಹೇಳುವುದರಲ್ಲಿ ಮಗಳ ಊಟದ ಬಿಡುವು ಮುಗಿಯಿತು.

ಯಾಕಪ್ಪಾ ಹೀಗೆ ಎಂದರೆ, 2018ರಲ್ಲಿ ಅಲ್ಲಿನ ಸಂಶೋಧನಾ ಸಚಿವಾಲಯ ಹನ್ನಾ ಎಂಬ ಕಾರ್ಟೂನ್ ಜೀವವಿಜ್ಞಾನಿಯನ್ನು ಮುಂದಿಟ್ಟು ವಿಡಿಯೊದಲ್ಲಿ ವಿವರಿಸಿತ್ತು. ಒಂದೇ ತಲೆಮಾರು ಎಲ್ಲ ಹುದ್ದೆಗಳನ್ನೂ 'ಕಟ್ಟಿಕೊಂಡು' ಬಿಡಬಾರದಂತೆ. ಸಿಂಕಿನ ಪೈಪು ಕಟ್ಟಿಕೊಂಡಾಗ ಜರ್ಮನ್ನರು ಬಳಸುವ ಪದವೇ ಅದು. 2021ರಲ್ಲಿ ಅದು ಸಂಶೋಧಕರ ಕಣ್ಣಿಗೆ ಬಿತ್ತು. 'ನಾನೇ ಹನ್ನಾ' ಎಂದು ಸಾವಿರಾರು ಜನ ಸಿಡಿದೆದ್ದರು. 45 ದಾಟದ, ಪ್ರೊಫೆಸರಲ್ಲದ ವಿಶ್ವವಿದ್ಯಾಲಯ ಸಂಶೋಧಕರಲ್ಲಿ ಶೇ 92 ಮಂದಿ ತಾತ್ಕಾಲಿಕವೆಂದು ಅದೇ ವರ್ಷದ ಸರ್ಕಾರಿ ವರದಿಯೇ ಹೇಳಿತ್ತು. ಇಷ್ಟೊಂದು ಕಸ! ಸಚಿವಾಲಯ ತಡಮಾಡದೆ ವಿಡಿಯೊ ತೆಗೆದುಹಾಕಿತು. ಹನ್ನಾಳ ಅವಧಿ ಮುಗಿಯಿತು, ಕಾನೂನು ಮಾತ್ರ ಕಾಯಂ. ತಿದ್ದುಪಡಿಯ ಮಸೂದೆಯೂ ಬಂತು. ಆದರೆ 2024ರ ನವೆಂಬರಿನಲ್ಲಿ ಮೈತ್ರಿ ಸರ್ಕಾರ ಮುರಿದುಬಿತ್ತು. ಪಾಪ, ಅವರ ಕಾಂಟ್ರಾಕ್ಟೇ ರಿನ್ಯೂ ಆಗಲಿಲ್ಲ.

ಬೇರೆ ದಾರಿ ಇಲ್ಲವೇ? ಇದೆ, ಪಿಎಚ್.ಡಿ. ಮುಗಿಸಿದವರಿಗೆ ಯೂರೋಪಿಯನ್ ಒಕ್ಕೂಟದ ಮೇರಿ ಕ್ಯೂರಿ ಫೆಲೋಶಿಪ್. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಿರಬಾರದು. ಅಂದರೆ ನೀವು ಜರ್ಮನ್ ಕಲಿತು, ಹರಸಾಹಸ ಮಾಡಿ ಮನೆ ಹಿಡಿದು, ಮಗುವಿಗೆ ಶಿಶುವಿಹಾರದಲ್ಲಿ ಸೀಟು ಗಿಟ್ಟಿಸಿದ್ದರೆ ಅದೇ ನಿಮ್ಮ ಅನರ್ಹತೆ. ಗಂಟುಮೂಟೆ ಕಟ್ಟಿ ಡೆನ್ಮಾರ್ಕಿಗೋ ಪೋರ್ಚುಗಲ್ಲಿಗೋ ನಡೆಯಿರಿ. 2025ರಲ್ಲಿ ಇದಕ್ಕೆ ಬಂದ ಅರ್ಜಿ 17,058. ಹಿಂದಿನ ವರ್ಷ ಹತ್ತು ಸಾವಿರ ಚಿಲ್ಲರೆ ಇತ್ತು.

ಕಳೆದ ತಿಂಗಳು ಚಿಕ್ಕಮ್ಮನ ಮಗಳ ಲ್ಯಾಬಿನಲ್ಲಿ ನಿಜವಾಗಿಯೂ ಸಿಂಕ್ ಕಟ್ಟಿಕೊಂಡಿತಂತೆ. ವಿಶ್ವವಿದ್ಯಾಲಯದ ಪ್ಲಂಬರು ಬಂದ. ಹತ್ತೊಂಬತ್ತು ವರ್ಷದ ಸರ್ವಿಸು, ಕಾಯಂ ನೌಕರ. ಹತ್ತೇ ನಿಮಿಷದಲ್ಲಿ ಸರಿಮಾಡಿ, "ಮತ್ತೆ ಕಟ್ಟಿಕೊಂಡರೆ ನನಗೇ ಫೋನ್ ಮಾಡಿ" ಎಂದು ಚೀಟಿಯಲ್ಲಿ ನಂಬರು ಬರೆದುಕೊಟ್ಟ. ಇವಳು ಗೋಡೆಯ ಕ್ಯಾಲೆಂಡರ್ ನೋಡಿ ಹೇಳಿದಳಂತೆ: "ಮಾರ್ಚ್ ಒಳಗೆ ಕಟ್ಟಿಕೊಂಡರೆ ಮಾಡ್ತೀನಿ."