ಧರ್ಮಕ್ಕೆ ಬಂದ ಹದಿನಾರಿಂಚು

ಕಾರಿನ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಕುಕ್ಕರಗಾಲಿನಲ್ಲಿ ಕುಳಿತು ಓದುವ ವ್ಯವಧಾನ ಬಹಳ ಜನರಿಗೆ ಇರುವುದಿಲ್ಲ. ನಮ್ಮ ಕಾರಿನ ಟೈರಿನ ಮೇಲೆ 165/80 ಆರ್ 14 ಎಂದಿತ್ತು. ಇದರಲ್ಲಿ 165 ಎಂಬುದು ಮಿಲಿಮೀಟರಿನಲ್ಲಿ ಟೈರಿನ ಅಗಲ, 80 ಎಂಬುದು ಆ ಅಗಲದ ಶೇಕಡಾ ಎಷ್ಟು ಭಾಗ ಪಕ್ಕೆಯ ಎತ್ತರವಾಗಿದೆ ಎಂಬ ಲೆಕ್ಕ, ಕೊನೆಯ 14 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ ಮತ್ತು ಇಂಚು ಮೂರೂ ಹೊಂದಿಕೊಂಡು ಬಾಳುವಂತೆ ಏರ್ಪಾಡು ಮಾಡಿದ ಪುಣ್ಯಾತ್ಮರಿಗೆ ಅವಿಭಕ್ತ ಕುಟುಂಬದ ಅನುಭವ ಚೆನ್ನಾಗಿಯೇ ಇದ್ದಿರಬೇಕು.

ಈ ಲೆಕ್ಕವೆಲ್ಲ ನಮಗೆ ಬೇಕಾದದ್ದು ನನ್ನ ಭಾವಮೈದುನನ ಔದಾರ್ಯದಿಂದ. ಅವನು ತನ್ನ ಹಳೆಯ ಸೆಡಾನನ್ನು ಮಾರುವ ಮುನ್ನ ಅದಕ್ಕೆ ಕಂಪನಿಯ ಉಕ್ಕಿನ ಡಿಸ್ಕುಗಳನ್ನೇ ಮರಳಿ ಹಾಕಿಸಿ, ಆಸೆಪಟ್ಟು ಕೊಂಡಿದ್ದ ಹದಿನಾರಿಂಚಿನ ನಾಲ್ಕು ಅಲಾಯ್ ಚಕ್ರಗಳನ್ನು ಆಟೋದಲ್ಲಿ ನಮ್ಮ ಮನೆಗೆ ಕಳುಹಿಸಿದ. "ಭಾವ, ನಿಮ್ಮ ಕಾರು ನೋಡಿದರೆ ಪಾಪ ಅನ್ನಿಸುತ್ತದೆ, ಸ್ವಲ್ಪ ಕಳೆ ಬರಲಿ" ಎಂಬ ಹಾರೈಕೆಯೂ ಜೊತೆಗೆ ಬಂದಿತು. ಟೈರುಗಳು ಮಾತ್ರ ಬರಲಿಲ್ಲ, ಅವು ಸವೆದು ಬೋಳಾಗಿದ್ದವು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಹಂಗಿಸುವುದುಂಟು. ಆದರೆ ದಟ್ಟಿ ಒಂದು ಗೇಣು ಕಡಿಮೆಯಾದರೆ ಮಾನ ಹೋದೀತು, ಚಕ್ರ ಎರಡು ಮಿಲಿಮೀಟರು ಹೆಚ್ಚುಕಡಿಮೆಯಾದರೆ ಹೋಗುವುದು ಮಾನವಷ್ಟೇ ಅಲ್ಲವಾದ್ದರಿಂದ, ನಾನು ನಿಸ್ಸಂಕೋಚವಾಗಿ ಹಿತ್ತಲಿಗೆ ಹೋಗಿ ಮೊಳ ಹಾಕಿದೆ. ನಾಲ್ಕು ಬೋಲ್ಟುಗಳು ಕೂರುವ ವೃತ್ತದ ವ್ಯಾಸ ಎರಡೂ ಕಡೆ 100 ಮಿಲಿಮೀಟರ್ ಇತ್ತು, ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆಂದು ಹೇಳುವ, ರಿಮ್ಮಿನ ಒಳಮೈಯಲ್ಲಿ ಕೆತ್ತಿದ್ದ ಆಫ್‌ಸೆಟ್ ಕೂಡ ನಮ್ಮದಕ್ಕೆ ಹತ್ತಿರವಾಗಿಯೇ ಇತ್ತು. ನಡುವಿನ ರಂಧ್ರ ಮಾತ್ರ 56.1 ಮಿಲಿಮೀಟರ್ ಇದ್ದು, ಆ ರಂಧ್ರದೊಳಗೆ ಕೂರಬೇಕಾದ ನಮ್ಮ ಕಾರಿನ ಗುಂಬ, ಅಂದರೆ ಹಬ್, 54.1 ಮಿಲಿಮೀಟರ್ ಇತ್ತು. ಈ ಎರಡು ಮಿಲಿಮೀಟರಿನ ಸಂದನ್ನು ತುಂಬಲು ಪ್ಲಾಸ್ಟಿಕ್ಕಿನ ಹಬ್ ರಿಂಗ್ ಎಂಬ ಅಗ್ಗದ ಬಳೆಯೊಂದು ಸಿಗುತ್ತದೆ. ಅದರ ಕತೆಯನ್ನು ಮುಂದೆ ಹೇಳುತ್ತೇನೆ.

ದೊಡ್ಡ ರಿಮ್ಮಿಗೆ ಟೈರು ಆರಿಸುವವರು ಪಾಲಿಸಬೇಕಾದ ಮುಖ್ಯ ನಿಯಮವೆಂದರೆ, ರಿಮ್ಮು ಎಷ್ಟೇ ಬೆಳೆಯಲಿ, ಟೈರು ಸೇರಿದಂತೆ ಇಡೀ ಚಕ್ರದ ಎತ್ತರ ಮೊದಲಿನಷ್ಟೇ ಉಳಿಯಬೇಕು. ಸ್ಪೀಡೋಮೀಟರು ರಸ್ತೆಯನ್ನು ನೋಡುವುದಿಲ್ಲ, ಚಕ್ರದ ಸುತ್ತುಗಳನ್ನು ಎಣಿಸಿಕೊಂಡು ವೇಗವನ್ನು ಊಹಿಸುತ್ತದೆ. ಚಕ್ರ ಎತ್ತರವಾದರೆ ಅದು ಕಡಿಮೆ ಹೇಳುತ್ತದೆ, ಗಿಡ್ಡವಾದರೆ ಹೆಚ್ಚು ಹೇಳುತ್ತದೆ. ನಮ್ಮ ಹಳೆಯ ಚಕ್ರದ ಒಟ್ಟು ವ್ಯಾಸ 619.6 ಮಿಲಿಮೀಟರ್. ಹದಿನಾರಿಂಚಿನ ರಿಮ್ಮಿಗೆ 195/55 ಟೈರು ಹಾಕಿದರೆ 620.9 ಬರುತ್ತದೆ, ಅಂದರೆ ವ್ಯತ್ಯಾಸ ಒಂದೂಕಾಲು ಮಿಲಿಮೀಟರಿನ ಆಸುಪಾಸು. ಆದರೆ ಇದಕ್ಕಾಗಿ ಪಕ್ಕೆಯ ಎತ್ತರ 132 ಮಿಲಿಮೀಟರಿನಿಂದ 107ಕ್ಕೆ ಇಳಿಯಬೇಕು. ಹೆಚ್ಚು ಹಣ ತೆತ್ತು ಕಡಿಮೆ ರಬ್ಬರನ್ನು ಮನೆಗೆ ತರುವ ಈ ವ್ಯಾಪಾರ ನಮ್ಮ ತಂದೆಯವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ, ಅರ್ಥ ಮಾಡಿಸಲು ಹೊರಟ ನನಗೂ ನಡುದಾರಿಯಲ್ಲಿ ಮಾತು ನಿಂತುಹೋಯಿತು.

ಭಾವಮೈದುನನದು ಲೆಕ್ಕದ ದಾರಿಯಲ್ಲ, ಕಣ್ಣಿನ ದಾರಿ. 205/55 ಹಾಕಿದರೆ ಟೈರು ತುಂಬಿಕೊಂಡು ಕಾಣುತ್ತದೆ ಎಂಬುದು ಅವನ ವಾದ. ಹಾಗೆ ಮಾಡಿದರೆ ಚಕ್ರ 632 ಮಿಲಿಮೀಟರಿಗೆ ಏರುತ್ತದೆ, ಮೀಟರು ನೂರು ತೋರಿಸುವಾಗ ಕಾರು 102ರಲ್ಲಿ ಓಡುತ್ತಿರುತ್ತದೆ, ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿನ ಒಳಗಿನ ಹೊದಿಕೆಯಾದ ಲೈನರಿಗೆ ಉಜ್ಜಬಹುದು ಎಂದು ನಾನು ವಿವರಿಸಿದಾಗ, "ಭಾವ, ಪೂರ್ತಿ ತಿರುಗಿಸುವುದು ಯಾಕೆ?" ಎಂದು ಕೇಳಿದ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ಪತ್ನಿ ಮಾತ್ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಮುಂದಿಟ್ಟು, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದಕ್ಕೆ ನಿರ್ಬಂಧವಿದೆಯೆಂದೂ, ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ ಉತ್ತರ ಪಡೆಯುವವರೆಗೆ ಒಂದು ನಟ್ಟನ್ನೂ ಬಿಚ್ಚಕೂಡದೆಂದೂ ಆಜ್ಞೆ ಮಾಡಿದಳು. ಉತ್ತರ ಬರುವವರೆಗೆ ನಾಲ್ಕು ಅಲಾಯ್‌ಗಳು ವರಾಂಡದಲ್ಲಿ ತುಳಸಿ ಕುಂಡಗಳ ಪಕ್ಕದಲ್ಲಿ ನೀರು ಹಾಕಿಸಿಕೊಂಡು ಕುಳಿತಿದ್ದವು.

ಬೆಂಗಳೂರಿನಲ್ಲಿ ಕಾರಿನ ಅಲಂಕಾರಕ್ಕೆ ಸಂಬಂಧಪಟ್ಟ ಯಾವುದೇ ವಸ್ತುವಿಗೆ ಜನ ಜೆ.ಸಿ. ರಸ್ತೆಯತ್ತ ನಡೆಯುವಂತೆ ನಾವೂ ನಡೆದೆವು. ಅಂಗಡಿಯಾತ ನಮ್ಮ ಅಳತೆಯನ್ನು ಕೇಳಿಸಿಕೊಳ್ಳುವ ಮೊದಲೇ 195/50 ಟೈರನ್ನು ಉರುಳಿಸಿಕೊಂಡು ಬಂದು, "ಎಲ್ಲ ಒಂದೇ ಸಾರ್, ಐದು ಪರ್ಸೆಂಟು ಯಾರಿಗೆ ಕಾಣತ್ತೆ?" ಎಂದ. ಆ ಐದು ಪರ್ಸೆಂಟಿನಿಂದ ಚಕ್ರ 601 ಮಿಲಿಮೀಟರಿಗೆ ಕುಗ್ಗುತ್ತದೆ, ಮೊದಲೇ ತಗ್ಗಾಗಿರುವ ಕಾರಿನ ಹೊಟ್ಟೆ ಹಂಪುಗಳ ಕಡೆಗೆ ಇನ್ನೂ ಒಂಬತ್ತು ಮಿಲಿಮೀಟರು ಇಳಿಯುತ್ತದೆ. ಟೈರಿನ ಪಕ್ಕೆಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ನನ್ನ ಪತ್ನಿ ಬಗ್ಗಿ ಅದನ್ನು ಓದಿದ್ದನ್ನು ಕಂಡ ಮೇಲೆಯೇ ಅಂಗಡಿಯಾತ ಮಾತನ್ನು ಕಡಿಮೆ ಮಾಡಿ ಗೋದಾಮಿಗೆ ಫೋನು ಮಾಡಿದ್ದು. ಕೊನೆಗೆ ಬಂದ 195/55ರ ಮೇಲೆ 87ವಿ ಎಂದಿತ್ತು. 87 ಎಂದರೆ ಒಂದು ಟೈರು 545 ಕಿಲೋ ಹೊರಬಲ್ಲದು, ಹಳೆಯದು ಹೊರುತ್ತಿದ್ದ 515 ಕಿಲೋಗಿಂತ ಹೆಚ್ಚು. ಈ ಅಂಕಿ ಹಳೆಯದಕ್ಕಿಂತ ಕೆಳಗಿಳಿಯಬಾರದು. ವಿ ಎಂದರೆ ಗಂಟೆಗೆ 240 ಕಿಲೋಮೀಟರು ತಾಳಬಲ್ಲದು ಎಂದರ್ಥ. ಟೌನ್‌ಹಾಲ್ ಸಿಗ್ನಲ್ಲಿನಲ್ಲಿ ಮೂರನೆಯ ಸಲ ಕೆಂಪು ದೀಪ ಬಿದ್ದಾಗ ಈ ಮಾಹಿತಿ ನಮಗೆ ಬಹಳ ಸಮಾಧಾನ ಕೊಟ್ಟಿತು.

ಈಗ ಬಳೆಯ ಕತೆ. ಹೊಸ ಚಕ್ರಗಳು ನೋಡಲು ಚೆನ್ನಾಗಿಯೇ ಇದ್ದವು, ಆದರೆ ಕಾರು ಎಂಬತ್ತು ದಾಟಿದ ಕೂಡಲೇ ಸ್ಟಿಯರಿಂಗು ಕೈಯಲ್ಲಿ ಗಡಗಡ ನಡುಗತೊಡಗಿತು. ಬ್ಯಾಲೆನ್ಸಿಂಗ್ ಮಾಡಿಸಿದೆವು, ಅಲೈನ್‌ಮೆಂಟ್ ಮಾಡಿಸಿದೆವು, ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಿದೆವು. ರಿಮ್ಮಿಗೆ ಅಂಟಿಸಿದ ಸೀಸದ ತುಂಡುಗಳು ಹೆಚ್ಚುತ್ತ ಹೋದವೇ ಹೊರತು ನಡುಕ ನಿಲ್ಲಲಿಲ್ಲ. ಒಂದು ದಿನ ಪಾರ್ಕಿಂಗ್ ಚೀಟಿ ಹುಡುಕಲು ಗ್ಲೋವ್ ಬಾಕ್ಸ್ ತೆಗೆದಾಗ, ನಾಲ್ಕೂ ಹಬ್ ರಿಂಗುಗಳು ಪ್ಲಾಸ್ಟಿಕ್ ಕವರಿನಲ್ಲಿ ಮುದ್ರೆಯೊಡೆಯದೆ ಕುಳಿತಿದ್ದವು. ಚಕ್ರ ಹಾಕಿದ ಹುಡುಗ ಅವನ್ನು ಬಿಲ್ಲಿನ ಜೊತೆ ಬರುವ ಉಚಿತ ಕಾಣಿಕೆ ಎಂದು ಭಾವಿಸಿ ಜೋಪಾನವಾಗಿ ಒಳಗಿಟ್ಟಿದ್ದ. ಅವನ್ನು ಸಿಕ್ಕಿಸಿದ ಮೇಲೆ ಚಕ್ರ ಹಬ್ಬಿನ ನಟ್ಟನಡುವೆ ಕುಳಿತು, ಸ್ಟಿಯರಿಂಗಿನ ನಡುಕ ತಕ್ಷಣ ಬಿಟ್ಟುಹೋಯಿತು.

ತಿರುವುಗಳಲ್ಲಿ ಕಾರು ಮೊದಲಿಗಿಂತ ಗಟ್ಟಿಯಾಗಿ ನೆಲ ಹಿಡಿಯುತ್ತದೆ ಎಂಬುದನ್ನು ಒಪ್ಪಲೇಬೇಕು. ಆದರೆ ಪಕ್ಕೆಯಲ್ಲಿ ಕಡಿಮೆಯಾದ 25 ಮಿಲಿಮೀಟರು ರಬ್ಬರು ಹಿಂದೆ ಯಾವ ಕೆಲಸ ಮಾಡುತ್ತಿತ್ತೆಂಬುದು ಹಿಂದಿನ ಸೀಟಿನಲ್ಲಿ ಕೂರುವವರಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ. ನಮ್ಮ ಬಡಾವಣೆಯಲ್ಲಿ ಎಷ್ಟು ಗುಂಡಿಗಳಿವೆ ಎಂದು ಪಾಲಿಕೆಗೆ ಬೇಕಿದ್ದರೆ ನಮ್ಮ ತಂದೆಯವರನ್ನು ಕೇಳಬಹುದು, ಮುಚ್ಚಿದವು ಯಾವುವು ಎಂಬುದನ್ನೂ ಅವರು ಸೊಂಟದ ಆಧಾರದಿಂದಲೇ ಹೇಳಬಲ್ಲರು.

ಹಾಸನದ ಮದುವೆಗೆ ಹೊರಟ ದಿನ, ಬೆಳ್ಳೂರು ಕ್ರಾಸ್ ಸಮೀಪದಲ್ಲಿ ಎಡಗಡೆಯ ಹಿಂದಿನ ಚಕ್ರ ಪಂಕ್ಚರಾಯಿತು. ಸ್ಟೆಪ್ನಿ ಹಳೆಯ ಹದಿನಾಲ್ಕಿಂಚಿನದೇ ಆಗಿದ್ದರೂ ಒಟ್ಟು ಎತ್ತರ ಸಮನಾಗಿರುವಂತೆ ಆರಿಸಿದ್ದರಿಂದ ಅದನ್ನು ಹಾಕಿ ನಿಧಾನವಾಗಿ ಸಾಗಬಹುದಿತ್ತು. ಹಾಕುವುದಕ್ಕೆ ಮೊದಲು ಬಿಚ್ಚಬೇಕಲ್ಲ! ಅಲಾಯ್‌ನಲ್ಲಿ ನಟ್ಟುಗಳು ಕೂರುವ ಕುಳಿ ಬಹಳ ಕಿರಿದಾಗಿತ್ತು, ಕಾರಿನ ಜೊತೆ ಬಂದಿದ್ದ ಪಾನ ಅದರೊಳಗೆ ಇಳಿಯಲೇ ಇಲ್ಲ. ರೇಷ್ಮೆ ಪಂಚೆ ಎತ್ತಿಕಟ್ಟಿದ ನಾಲ್ವರು ಹಿರಿಯರು ಒಬ್ಬರಾದ ಮೇಲೊಬ್ಬರು ಪಾನವನ್ನು ತಿರುಗಿಸಿ, ಮಗುಚಿ, ಕುಟ್ಟಿ ನೋಡಿದರು. ಕೊನೆಗೆ ಕ್ರಾಸಿನ ಪಂಕ್ಚರ್ ಅಂಗಡಿಯವನು ತೆಳುವಾದ 19 ಮಿಲಿಮೀಟರಿನ ಸಾಕೆಟ್ ತಂದು ಐದೇ ನಿಮಿಷದಲ್ಲಿ ಚಕ್ರ ಕಳಚಿ ಕೊಟ್ಟ. ಅವನ ಟ್ಯೂಬ್‌ಲೆಸ್ ಪ್ಯಾಚು ಮುಗಿದಿದ್ದರಿಂದ ಪಂಕ್ಚರಾದ ಚಕ್ರವನ್ನು ಹಾಗೆಯೇ ಒಯ್ಯಬೇಕಾಯಿತು. 165ರ ಅಗಲಕ್ಕೆಂದು ಮಾಡಿದ ಸ್ಟೆಪ್ನಿ ಗುಳಿಯಲ್ಲಿ 195ರ ಚಕ್ರ ಪೂರ್ತಿ ಇಳಿಯದೆ ಮೇಲೆದ್ದು ನಿಂತಿತು, ಡಿಕ್ಕಿಯ ಹಲಗೆ ಕೂರಲಿಲ್ಲ, ಅಲ್ಲಿದ್ದ ಚಕ್ಕುಲಿ ಡಬ್ಬಗಳೂ ಹೂವಿನ ಬುಟ್ಟಿಯೂ ಹಿಂದಿನ ಸೀಟಿನವರ ತೊಡೆಯೇರಿದವು. "ಚಕ್ರ ಚಿಕ್ಕದಿದ್ದಾಗ ಕಾರು ದೊಡ್ಡದಿತ್ತು ಕಣಪ್ಪಾ" ಎಂದು ದೊಡ್ಡಮ್ಮ ಬುಟ್ಟಿಯ ಹಿಂದಿನಿಂದ ಹೇಳಿದರು.

ಛತ್ರದಲ್ಲಿ ಭಾವಮೈದುನ ಸಿಕ್ಕಾಗ, ಇಂಥ ಕಿರಿದಾದ ಕುಳಿಗೆ ಅವನು ಯಾವ ಪಾನ ಬಳಸುತ್ತಿದ್ದನೆಂದು ವಿಚಾರಿಸಿದೆ. ಅಲಾಯ್ ಕೊಂಡಾಗಲೇ ಅದರ ಜೊತೆಗೆ ತೆಳು ಸಾಕೆಟ್ ಕೊಟ್ಟಿದ್ದರಂತೆ. ಅದು ಅವನು ಮಾರಿದ ಕಾರಿನ ಡಿಕ್ಕಿಯಲ್ಲಿ, ಉಕ್ಕಿನ ಡಿಸ್ಕಿನ ಮೇಲೆ ನೆಮ್ಮದಿಯಾಗಿ ಓಡಾಡುತ್ತಿರುವ ಅದರ ಹೊಸ ಯಜಮಾನರ ಬಳಿ, ಕ್ಷೇಮವಾಗಿದೆ ಎಂದು ತಿಳಿಸಿ ಅವನು ಊಟದ ಪಂಕ್ತಿಗೆ ನಡೆದ.