ತೊಡಕಿರುವುದು ಪ್ಲಗಿನ್‌ಗಳಲ್ಲಿ
ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಧ್ವನಿ ತಡವಾಗಿ ಕೇಳುವುದರಿಂದ ಅದು ಸಂಗೀತ ಮುದ್ರಣಕ್ಕೆ ಒಗ್ಗದು ಎಂದು ಲಿನಕ್ಸ್ ಕುರಿತ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿದ ಮಾತನ್ನು ನಾನು ಒಪ್ಪಲಾರೆ. ಡೊಂಬಿವಲಿಯ ನಮ್ಮ ಭಜನಾ ಮಂಡಳಿಯವರು ಹಾಡುವ ದಾಸರ ಪದಗಳನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಆರ್ಡರ್ (Ardour) ಎಂಬ ಧ್ವನಿಮುದ್ರಣ ತಂತ್ರಾಂಶದಿಂದ ಮುದ್ರಿಸುವಾಗ ನಾನು 48,000 ಹರ್ಟ್ಸ್ ದರದಲ್ಲಿ (ಸೆಕೆಂಡಿಗೆ ಧ್ವನಿಯ 48,000 ಅಳತೆಗಳು, ಅಂದರೆ ಸ್ಯಾಂಪಲ್‌ಗಳು) ಬಫರನ್ನು, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟು ಸಾಗಿಸುವ ಧ್ವನಿಯ ತುಣುಕನ್ನು, 128 ಸ್ಯಾಂಪಲ್‌ಗಳಿಗೆ ಇಳಿಸುತ್ತೇನೆ. ಆಗ ಒಂದು ಬಫರ್ ತುಂಬಲು ಸುಮಾರು 2.7 ಮಿಲಿಸೆಕೆಂಡು ಸಾಕಾಗುವುದರಿಂದ, ಧ್ವನಿ ಮೈಕಿನಿಂದ ಕಂಪ್ಯೂಟರಿಗೆ ಹೋಗಿ ಹೆಡ್‌ಫೋನಿಗೆ ಬರುವ ಒಟ್ಟು ವಿಳಂಬ ಅದರ ಕೆಲವು ಪಟ್ಟಾದರೂ, ಹೆಡ್‌ಫೋನ್ ಹಾಕಿಕೊಂಡು ಹಾಡುವವರಿಗೆ (ತಾಳ ಹಾಕುವ ಹಿರಿಯರಿಗೂ) ಅದು ಅಡ್ಡಿಯಾಗಿಲ್ಲ. 2024ರಲ್ಲಿ ಬಂದ ಲಿನಕ್ಸ್‌ನ 6.12ನೆಯ ಆವೃತ್ತಿಯಲ್ಲಿ ರಿಯಲ್‌ಟೈಮ್ ಸೌಲಭ್ಯವು (ತುರ್ತು ಕೆಲಸಗಳನ್ನು ತಡವಿಲ್ಲದೆ ನಡೆಸುವ ಏರ್ಪಾಡು) ಲಿನಕ್ಸ್‌ನ ತಿರುಳಾದ ಮುಖ್ಯ ಕರ್ನೆಲ್‌ಗೇ ಸೇರಿದ್ದರಿಂದ ಅದಕ್ಕಾಗಿ ಬೇರೆ ಪ್ಯಾಚ್, ಅಂದರೆ ಹೆಚ್ಚುವರಿ ತಿದ್ದುಪಡಿ, ಹಾಕುವ ಕಷ್ಟವೂ ತಪ್ಪಿದೆ. ನಿಜವಾದ ತೊಡಕು ಪ್ಲಗಿನ್‌ಗಳದ್ದು, ಅಂದರೆ ಮುದ್ರಣ ತಂತ್ರಾಂಶಕ್ಕೆ ಜೋಡಿಸುವ ಪುಟ್ಟ ತಂತ್ರಾಂಶಗಳದ್ದು: ವಿಂಡೋಸ್‌ಗೆಂದೇ ಮಾಡಿದ, ವಾದ್ಯಗಳ ನಾದ ಹೊರಡಿಸುವ ವಾದ್ಯಸಂಗ್ರಹಗಳು, ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ (Wine) ಮೂಲಕ ಒಮ್ಮೆ ನಡೆದರೆ ಇನ್ನೊಮ್ಮೆ ಕೈಕೊಡುತ್ತವೆ. ಹೀಗಾಗಿ ನಾನು ತಬಲಾ, ಹಾರ್ಮೋನಿಯಂಗಳನ್ನು ಮೈಕಿನಲ್ಲೇ ಮುದ್ರಿಸುತ್ತೇನೆ.