ಸ್ಪೈಡರ್‌ಮ್ಯಾನ್‌ನ ಕಣ್ಣೀರು ಹೊಸದಲ್ಲ: ಒಂದು ಸ್ಪಷ್ಟನೆ

ಮೂಲದ ಸ್ಪೈಡರ್‌ಮ್ಯಾನ್ ಅಳುಕಿಲ್ಲದ ವಯಸ್ಕನಾಗಿದ್ದನೆಂದೂ, ಅವನ ಅಳು, ತೊಳಲಾಟಗಳೆಲ್ಲ ಇತ್ತೀಚಿನ ಸಿನಿಮಾಗಳ ಸೇರ್ಪಡೆಯೆಂದೂ ಹೇಳುವ ಸಂದೇಶವೊಂದು ಧಾರವಾಡದ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಬರಹಗಾರ ಸ್ಟಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ 1962ರಲ್ಲಿ ರೂಪಿಸಿದ ಮೊದಲ ಕಾಮಿಕ್ಸ್ ಕಥೆಯಲ್ಲಿಯೇ ಪೀಟರ್ ಪಾರ್ಕರ್ (ಸ್ಪೈಡರ್‌ಮ್ಯಾನ್‌ನ ನಿಜ ಹೆಸರು) ಸಹಪಾಠಿಗಳ ಗೇಲಿಗೆ ಗುರಿಯಾದ ಶಾಲಾ ವಿದ್ಯಾರ್ಥಿ. ಶಕ್ತಿ ಬಂದೊಡನೆ ಅವನು ಲೋಕೋದ್ಧಾರಕ್ಕೆ ಹೊರಡುವುದಿಲ್ಲ. ಟಿವಿಯಲ್ಲಿ ಮೆರೆದು ಹಣ ಮಾಡಲು ಹೊರಡುತ್ತಾನೆ, ಕಣ್ಣೆದುರೇ ಓಡಿದ ಕಳ್ಳನನ್ನು ತನಗೇಕೆಂದು ಬಿಟ್ಟುಬಿಡುತ್ತಾನೆ. ತನ್ನನ್ನು ಸಾಕಿದ ದೊಡ್ಡಪ್ಪ ಬೆನ್‌ನನ್ನು ಕೊಂದವನು ಅದೇ ಕಳ್ಳನೆಂದು ಮುಖ ನೋಡಿ ಗುರುತಿಸಿದಾಗ, ತಪ್ಪು ತನ್ನದೇ ಎಂದು ಕಣ್ಣೀರಿಡುತ್ತಾನೆ. ಹದಿಹರೆಯದವರೆಂದರೆ ಬ್ಯಾಟ್‌ಮನ್‌ನ ರಾಬಿನ್‌ನಂತೆ ಸಹಾಯಕರೇ ಎಂಬ ರೂಢಿಯಿದ್ದ ಕಾಮಿಕ್ಸ್‌ನಲ್ಲಿ ಅವನ ಹೊಸತನವಿದ್ದುದೇ, ನನ್ನ ದೃಷ್ಟಿಯಲ್ಲಿ, ಈ ಗೊಂದಲದಲ್ಲಿ.

1965ರ ಸಂಚಿಕೆಗಳಲ್ಲಿ ಪೀಟರ್ ಕಾಲೇಜು ಸೇರುತ್ತಾನೆ. ‘ವಯಸ್ಕ’ನೆಂಬ ಮಾತು ಬಹುಶಃ ಆ ನಂತರದ ಕಥೆಗಳನ್ನಷ್ಟೇ ಓದಿದವರಿಂದ ಹುಟ್ಟಿರಬೇಕು.